ಸಕ್ಕರೆ ಕಾಯಿಲೆ, ಮಳೆಗಾಲ, ನಾಟಿ ಕೆಲಸ: ಅತ್ತೆಯ ಪಾದ ಕಾಪಾಡುವುದು ಹೇಗೆ?

ಶರಾವತಿ ಎಡದಂಡೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಅತ್ತೆಗೆ 61 ವರ್ಷ. ಸಕ್ಕರೆ ಕಾಯಿಲೆ ಗೊತ್ತಾಗಿ 11 ವರ್ಷ. ಮಾತ್ರೆ ತಪ್ಪಿಸುವುದಿಲ್ಲ, ಆದರೂ ಕಳೆದ ತಿಂಗಳ ಎಚ್‌ಬಿಎ1ಸಿ (ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ರಕ್ತಪರೀಕ್ಷೆ) 8.4 ಬಂದಿದೆ. ಊರು ಸಾಗರದ ಕಡೆ. ನಾಟಿ ಮುಗಿಯುವವರೆಗೆ ದಿನಕ್ಕೆ ನಾಲ್ಕೈದು ಗಂಟೆ ಬರಿಗಾಲಲ್ಲಿ ಕೆಸರಿಗೆ ಇಳಿಯುತ್ತಾರೆ.

ಈಗ ಕಾಲು ಹೀಗಿದೆ. ಬಲಗಾಲಿನ ಕಿರುಬೆರಳ ಸಂದಿ ಬೆಳ್ಳಗೆ ನೆಂದ ಹಾಗಾಗಿ ಸಿಪ್ಪೆ ಏಳುತ್ತಿದೆ, ಸ್ವಲ್ಪ ವಾಸನೆಯೂ ಇದೆ. ಎರಡೂ ಹಿಮ್ಮಡಿ ಒಡೆದಿವೆ. ಎಡಗಾಲಿನ ಒಂದು ಬಿರುಕಿನಲ್ಲಿ ಆಗಾಗ ರಕ್ತ ಬರುತ್ತದೆ. ಬಲ ಅಂಗಾಲಿನಲ್ಲಿ, ಹೆಬ್ಬೆರಳ ಬುಡಕ್ಕೆ ಸರಿಯಾಗಿ, ಒಂದು ರೂಪಾಯಿ ನಾಣ್ಯದಷ್ಟು ಆಣಿ. ಒತ್ತಿದರೂ ನೋವಿಲ್ಲ ಅನ್ನುತ್ತಾರೆ. ಇನ್ನೊಂದು ವಿಷಯ: ಹವಾಯಿ ಚಪ್ಪಲಿ ಒಂದು ಕಾಲಿಂದ ಕಳಚಿ ಅಂಗಳದಲ್ಲೇ ಉಳಿದರೂ ಅವರಿಗೆ ಗೊತ್ತಾಗುವುದಿಲ್ಲ.

ಅಕ್ಕಪಕ್ಕದವರು ಹಿಮ್ಮಡಿಗೆ ಗೇರೆಣ್ಣೆ, ಆಣಿಗೆ ಮೆಡಿಕಲ್ ಶಾಪಿನಲ್ಲಿ ಸಿಗುವ ಆಣಿ ಪಟ್ಟಿ, ಸಂದಿಗೆ ಯಾವುದೋ ಟ್ಯೂಬ್ ಹೇಳುತ್ತಿದ್ದಾರೆ. ಯಾವುದನ್ನು ಮೊದಲು ನೋಡಬೇಕು? ದಿನಾ ಏನು ಮಾಡಬೇಕು, ಏನು ಮಾಡಲೇಬಾರದು?


ಡ್ರೆಸ್ಸಿಂಗ್ ರೂಮ್ ಉತ್ತರಿಸಿದ್ದು:

ಅಕ್ಕ, ನೀವು ಕೊನೆಗೆ ಬರೆದಿರುವ ಚಪ್ಪಲಿಯ ಸಂಗತಿಯನ್ನೇ ಮೊದಲು ನೋಡಬೇಕು. ಸಂದಿ, ಹಿಮ್ಮಡಿ, ಆಣಿ ಮೂರೂ ಆಮೇಲಿನವು. ಚಪ್ಪಲಿ ಕಳಚಿದ್ದು ಗೊತ್ತಾಗದ ಕಾಲಿಗೆ ಮುಳ್ಳು ಮುರಿದದ್ದೂ ಗೊತ್ತಾಗುವುದಿಲ್ಲ, ಬಿಸಿ ತಾಗಿದ್ದೂ ಗೊತ್ತಾಗುವುದಿಲ್ಲ. ಸಕ್ಕರೆ ವರ್ಷಗಟ್ಟಲೆ ಏರಿಯೇ ಇದ್ದರೆ ಉದ್ದನೆಯ ನರಗಳ ತುದಿ ಮೊದಲು ಸೋಲುತ್ತದೆ. ಅದಕ್ಕೇ ಸ್ಪರ್ಶ ಹೋಗುವುದು ಕಾಲ್ಬೆರಳಿಂದ ಶುರುವಾಗಿ ಮೇಲಕ್ಕೆ ಬರುತ್ತದೆ.

ಮನೆಯಲ್ಲೇ ಎರಡು ನಿಮಿಷದಲ್ಲಿ ಮಾಡಬಹುದಾದ ಪರೀಕ್ಷೆ ಇದೆ. ಅತ್ತೆಯನ್ನು ಮಲಗಿಸಿ, ಕಣ್ಣು ಮುಚ್ಚಲು ಹೇಳಿ. ಮುಟ್ಟಿದ್ದು ಗೊತ್ತಾದಾಗ ಎಡ ಅಥವಾ ಬಲ ಅಂತ ಅವರು ಹೇಳಬೇಕು. ನಿಮ್ಮ ತೋರುಬೆರಳ ತುದಿಯಿಂದ ಅವರ ಬೆರಳ ತುದಿಯನ್ನು ಒಂದೆರಡು ಸೆಕೆಂಡ್ ಮೆಲ್ಲಗೆ ಮುಟ್ಟಿ: ಬಲ ಹೆಬ್ಬೆರಳು, ಬಲ ಕಿರುಬೆರಳು, ಎಡ ಹೆಬ್ಬೆರಳು, ಎಡ ಕಿರುಬೆರಳು, ಬಲ ನಡುಬೆರಳು, ಎಡ ನಡುಬೆರಳು. ಗರಿ ತಾಗಿದಷ್ಟು ಹಗುರವಾಗಿರಲಿ. ಒತ್ತಬೇಡಿ, ತಟ್ಟಬೇಡಿ, ಉಜ್ಜಬೇಡಿ. ಒತ್ತಿದರೆ ಬೇರೆ ನರಗಳು ಸುದ್ದಿ ಮುಟ್ಟಿಸಿಬಿಡುತ್ತವೆ, ಪರೀಕ್ಷೆ ಸುಳ್ಳಾಗುತ್ತದೆ. ಒಂದು ಸಲ ಗೊತ್ತಾಗದಿದ್ದರೆ ಅದೇ ಬೆರಳನ್ನು ಮತ್ತೆ ಮುಟ್ಟುವಂತಿಲ್ಲ. ಆರರಲ್ಲಿ ಎರಡು ಅಥವಾ ಹೆಚ್ಚು ತಪ್ಪಿದರೆ ಪಾದದ ರಕ್ಷಣೆಯ ಸ್ಪರ್ಶ ಹೋಗಿದೆ ಎಂದೇ ತಿಳಿದು ನಡೆಯಬೇಕು. ಆಸ್ಪತ್ರೆಯಲ್ಲಿ 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯಿಂದಲೂ 128 ಹರ್ಟ್ಸ್ ಟ್ಯೂನಿಂಗ್ ಫೋರ್ಕ್‌ನಿಂದಲೂ ಇದನ್ನೇ ಇನ್ನೂ ಖಚಿತವಾಗಿ ನೋಡುತ್ತಾರೆ.

ಆಣಿ ನೋಯುವುದಿಲ್ಲ ಅಂದಿದ್ದೀರಿ. ನೆಮ್ಮದಿಯ ಮಾತಲ್ಲ ಅದು. ಸ್ಪರ್ಶ ಇರುವ ಕಾಲಿನಲ್ಲಿ ಆ ಜಾಗದ ಆಣಿ ಸಾಮಾನ್ಯವಾಗಿ ನೋಯುತ್ತದೆ, ನಡಿಗೆಯ ಭಾರ ಬೀಳುವ ಮುಖ್ಯ ಜಾಗ ಅದು. ದಪ್ಪಗಟ್ಟಿದ ಚರ್ಮ ಒಂದು ಕಲ್ಲಿನ ಚೂರಿನಂತೆ ಒಳಗಿನ ಮಾಂಸವನ್ನು ಹೆಜ್ಜೆಹೆಜ್ಜೆಗೂ ಅರೆಯುತ್ತದೆ; ಹೊರಗೆ ಏನೂ ಕಾಣದೆ ಕೆಳಗೆ ಹುಣ್ಣಾಗಿರುತ್ತದೆ. ಬೆಳಕಿಗೆ ಹಿಡಿದು ನೋಡಿ. ಆಣಿಯ ನಡುವೆ ಕೆಂಗಪ್ಪು ಅಥವಾ ಕಪ್ಪು ಕಲೆ ಇದ್ದರೆ ಒಳಗೆ ರಕ್ತ ಇಳಿದಿದೆ ಎಂದರ್ಥ. ಹಾಗಿದ್ದರೆ ಈ ವಾರವೇ ವೈದ್ಯರಿಗೆ ತೋರಿಸಿ.

ಆಣಿ ಪಟ್ಟಿ ಬೇಡವೇ ಬೇಡ. ಅದರಲ್ಲಿ ಸಾಮಾನ್ಯವಾಗಿ 40% ಸ್ಯಾಲಿಸಿಲಿಕ್ ಆಸಿಡ್ ಇರುತ್ತದೆ. ಆಸಿಡ್‌ಗೆ ಆಣಿ ಯಾವುದು, ಒಳ್ಳೆಯ ಚರ್ಮ ಯಾವುದು ಗೊತ್ತಾಗುವುದಿಲ್ಲ. ಸ್ಪರ್ಶ ಇದ್ದವರು ಉರಿ ಅಂತ ಕಿತ್ತುಹಾಕುತ್ತಾರೆ. ಇವರು ಮೂರು ದಿನ ಹಾಗೇ ಓಡಾಡಿ ಗುಂಡಿ ಮಾಡಿಕೊಳ್ಳುತ್ತಾರೆ. ಬ್ಲೇಡಿನಿಂದ ಕೆತ್ತುವುದೂ ಬೇಡ. ತರಬೇತಾದವರು ಸ್ಕಾಲ್ಪೆಲ್‌ನಲ್ಲಿ ಪದರ ಪದರವಾಗಿ ಹೆರೆದು ತೆಗೆಯುತ್ತಾರೆ, ಹತ್ತು ನಿಮಿಷದ ಕೆಲಸ.

ಇನ್ನು ದಿನಚರಿ. ಸಂಜೆ ಕೈಕಾಲು ತೊಳೆದ ಮೇಲೆ ಒಳ್ಳೆಯ ಬೆಳಕಿನಲ್ಲಿ ಪಾದ ನೋಡುವುದು. ಅವರಿಗೆ ಬಗ್ಗಲಾಗದಿದ್ದರೆ ನೀವು ನೋಡಿ, ಇಲ್ಲವೇ ನೆಲದ ಮೇಲೆ ಕನ್ನಡಿ ಇಟ್ಟು ಅದರ ಮೇಲೆ ಪಾದ ಹಿಡಿಯಲಿ. ಅಂಗಾಲು, ಹಿಮ್ಮಡಿಯ ಅಂಚು, ಉಗುರಿನ ಮೂಲೆ, ಎಂಟು ಸಂದಿ. ನಿಮ್ಮ ಅಂಗೈಯ ಹಿಂಭಾಗವನ್ನು ಎರಡೂ ಪಾದಕ್ಕೆ ತಾಗಿಸಿ. ಒಂದು ಪಾದ ಇನ್ನೊಂದಕ್ಕಿಂತ ಬಿಸಿಯಾಗಿ, ಊದಿಕೊಂಡು, ಗಾಯವೂ ನೋವೂ ಇಲ್ಲದಿದ್ದರೆ ಅದು ಮೂಳೆ ಕುಸಿಯುವ ಮುನ್ಸೂಚನೆ ಇರಬಹುದು. ಆ ಕಾಲಿನ ಮೇಲೆ ನಡೆಯುವುದನ್ನು ಅಲ್ಲಿಗೇ ನಿಲ್ಲಿಸಿ ಆಸ್ಪತ್ರೆಗೆ ಕರೆದೊಯ್ಯಿರಿ.

ಒರೆಸುವ ಕ್ರಮ ಹೇಳುತ್ತೇನೆ, ಇದರಲ್ಲೇ ಹೆಚ್ಚಿನವರು ತಪ್ಪುವುದು. ದಪ್ಪ ಟವೆಲ್ ಸಂದಿಗೆ ಇಳಿಯುವುದಿಲ್ಲ. ಹಳೆಯ ಪಂಚೆಯದೋ ಹತ್ತಿ ಸೀರೆಯದೋ ತುಂಡಿನ ಮೂಲೆಯನ್ನು ತಿರುಚಿ ಬತ್ತಿಯಂತೆ ಮಾಡಿ. ಎರಡು ಬೆರಳನ್ನು ಇನ್ನೊಂದು ಕೈಯಲ್ಲಿ ಮೆಲ್ಲಗೆ ಅಗಲಿಸಿ, ಬತ್ತಿಯನ್ನು ಬುಡದವರೆಗೆ ಇಳಿಸಿ, ಹಾಗೇ ಮೇಲಕ್ಕೆ ಎತ್ತಿ. ಉಜ್ಜಬಾರದು, ನೆಂದ ಚರ್ಮ ಕಿತ್ತು ಬರುತ್ತದೆ. ಬಟ್ಟೆ ಒದ್ದೆಯಾದಂತೆ ಒಣ ಮೂಲೆಗೆ ಬದಲಾಯಿಸಿ. ಕಿರುಬೆರಳ ಸಂದಿಗೆ ಎರಡು ಸಲ.

ಕಾಲನ್ನು ಬಿಸಿನೀರಿನಲ್ಲಿ ಅದ್ದಿ ಕೂರುವುದು ಇವರಿಗೆ ಬೇಡ. ಚರ್ಮ ನೆಂದು ಬಿರುಕು ಹೆಚ್ಚುತ್ತದೆ, ಸುಟ್ಟರೆ ತಿಳಿಯುವುದಿಲ್ಲ. ಎರಡು ಮೂರು ನಿಮಿಷದ ತೊಳೆತ ಸಾಕು, ಅದೂ ನೀರಿನ ಬಿಸಿ ನೋಡಿದ್ದು ನಿಮ್ಮ ಮೊಣಕೈ ಆಗಿರಬೇಕು, ಅವರ ಕಾಲಲ್ಲ.


ಚರ್ಮದ ಮಾತು ಉತ್ತರಿಸಿದ್ದು:

ಮೇಲಿನವರು ಹೇಳಿದ್ದೆಲ್ಲ ಸರಿ. ಸಂದಿ ಮತ್ತು ಹಿಮ್ಮಡಿಯ ಬಗ್ಗೆ ನಾನು ಸೇರಿಸುತ್ತೇನೆ.

ಒಂದೇ ಪಾದದಲ್ಲಿ ಎರಡು ಸೀಮೆ ಇದೆ. ಹಿಮ್ಮಡಿ ಬಯಲುಸೀಮೆ, ಬೆರಳ ಸಂದಿ ಮಲೆನಾಡು. ಹಿಮ್ಮಡಿಯಲ್ಲಿ ನೀರು ನಿಲ್ಲಿಸಬೇಕು, ಸಂದಿಯಿಂದ ನೀರು ಹೊರಹಾಕಬೇಕು. ಕ್ರೀಮನ್ನೋ ಕೊಬ್ಬರಿ ಎಣ್ಣೆಯನ್ನೋ ಅಂಗೈಗೆ ಸುರಿದುಕೊಂಡು ಇಡೀ ಪಾದಕ್ಕೆ ಬಳಿದರೆ ಹಿಮ್ಮಡಿಗೆ ಒಳ್ಳೆಯದಾಗುತ್ತದೆ, ಸಂದಿ ಇನ್ನಷ್ಟು ಕೊಳೆಯುತ್ತದೆ.

ಕಿರುಬೆರಳು ಮತ್ತು ಅದರ ಪಕ್ಕದ ಬೆರಳು ಒಂದಕ್ಕೊಂದು ಅಂಟಿಕೊಂಡಿರುವುದರಿಂದ ಗಾಳಿ ಆಡದೆ ಶಿಲೀಂಧ್ರ ಮೊದಲು ಹಿಡಿಯುವುದು ಅಲ್ಲೇ. ನೀವು ಬರೆದ ಲಕ್ಷಣ ಅದಕ್ಕೆ ಹೊಂದುತ್ತದೆ. ಕ್ಲೋಟ್ರಿಮಾಝೋಲ್ 1% ಕ್ರೀಮ್, ಬರೀ ಅದೊಂದೇ ಔಷಧಿ ಇರುವುದು, ದಿನಕ್ಕೆ ಎರಡು ಸಲ, ಪೂರ್ತಿ ಒಣಗಿದ ಸಂದಿಗೆ ಹೆಸರುಕಾಳಿನಷ್ಟು. ಬೆಳ್ಳಗೆ ಗುಡ್ಡೆ ಕಾಣುವಷ್ಟು ಹಚ್ಚಿದರೆ ಆ ಕ್ರೀಮೇ ಒದ್ದೆ ಹಿಡಿದಿಡುತ್ತದೆ. ವಾರದಲ್ಲಿ ತುರಿಕೆ, ವಾಸನೆ ನಿಲ್ಲುತ್ತದೆ. ಅಲ್ಲಿಗೆ ಬಿಡುವವರೇ ಹೆಚ್ಚು, ಅದಕ್ಕೇ ಮತ್ತೆ ಬರುತ್ತದೆ. ನಾಲ್ಕು ವಾರ ಮುಗಿಸಿ. ರಾತ್ರಿ ಮಲಗುವಾಗ ಒಂದು ಪದರ ಗಾಜ್ ಬಟ್ಟೆಯ ಪಟ್ಟಿಯನ್ನು ಸಂದಿಯಲ್ಲಿ ಇಡಬಹುದು, ಬೆರಳಿಗೆ ಸುತ್ತಿ ಕಟ್ಟಬಾರದು. ಸಂದಿ ಹಸಿರಾಗಿ ಕಂಡರೆ, ಕೀವು ಬಂದರೆ, ಮೇಲ್ಪಾದಕ್ಕೆ ಕೆಂಪು ಹರಡಿದರೆ ಅದು ಬರೀ ಶಿಲೀಂಧ್ರವಲ್ಲ, ಬ್ಯಾಕ್ಟೀರಿಯಾ ಸೇರಿದೆ. ಕ್ರೀಮ್‌ನಿಂದ ಆಗುವ ಕೆಲಸ ಅದಲ್ಲ.

ಆ "ಯಾವುದೋ ಟ್ಯೂಬ್" ಬಗ್ಗೆ ನನಗೆ ನಿಜವಾಗಿ ಆತಂಕ. ಟ್ಯೂಬಿನ ಹಿಂದೆ ಓದಿ. ಕ್ಲೋಬೆಟಾಸಾಲ್, ಬೆಟಾಮೆಥಸೋನ್, ಬೆಕ್ಲೊಮೆಥಸೋನ್ ಇವುಗಳಲ್ಲಿ ಒಂದರ ಹೆಸರಿದ್ದರೂ ಅದರಲ್ಲಿ ಸ್ಟೀರಾಯ್ಡ್ ಇದೆ. ಎರಡು ದಿನದಲ್ಲಿ ಕೆಂಪು, ತುರಿಕೆ ಮಾಯವಾಗಿ ಎಲ್ಲರೂ ಹೊಗಳುತ್ತಾರೆ. ಆದರೆ ಅದು ಚರ್ಮದ ಕಾವಲನ್ನು ಮಲಗಿಸಿರುತ್ತದೆ ಅಷ್ಟೇ. ಶಿಲೀಂಧ್ರ ಒಳಗೊಳಗೇ ಬೆಳೆಯುತ್ತದೆ, ಚರ್ಮ ತೆಳುವಾಗುತ್ತದೆ, ನಿಲ್ಲಿಸಿದ ಕೂಡಲೇ ಮೊದಲಿಗಿಂತ ಜೋರಾಗಿ ಏಳುತ್ತದೆ. ನಮ್ಮ ದೇಶದಲ್ಲಿ ಹುಳುಕಡ್ಡಿ ಔಷಧಿಗೆ ಬಗ್ಗದಂತಾಗಿರುವುದರಲ್ಲಿ ಇಂಥ ಮಿಶ್ರ ಟ್ಯೂಬುಗಳ ಪಾಲು ದೊಡ್ಡದು.

ಹಿಮ್ಮಡಿಗೆ ಬರೋಣ. ಅಂಗಾಲಿನ ಚರ್ಮದಲ್ಲಿ ಬೆವರಿನ ಗ್ರಂಥಿಗಳಿವೆ, ಎಣ್ಣೆಯ ಗ್ರಂಥಿಗಳಿಲ್ಲ. ಸಕ್ಕರೆಯಿಂದ ನರ ಸೋತಾಗ ಬೆವರೂ ಕಡಿಮೆಯಾಗಿ ಚರ್ಮ ಇನ್ನಷ್ಟು ಒಣಗುತ್ತದೆ. ಭಾರ ಬಿದ್ದಾಗ ಹಿಮ್ಮಡಿಯ ಕೊಬ್ಬು ಅಗಲಕ್ಕೆ ಹರಡುತ್ತದೆ. ಹಿಂದೆ ತೆರೆದ ಚಪ್ಪಲಿಯಲ್ಲಿ ಅದನ್ನು ತಡೆಯುವವರೇ ಇಲ್ಲ. ಒಣಗಿದ ದಪ್ಪ ಅಂಚು ಹಿಗ್ಗಲಾರದೆ ಸೀಳುತ್ತದೆ, ಬೇಸಿಗೆಯ ಕೆರೆಯ ಅಂಗಳದ ಹಾಗೆ.

ರಕ್ತ ಬರುವ ಬಿರುಕನ್ನು ಗಾಯವೆಂದೇ ನೋಡಬೇಕು. ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಒಂದೂವರೆ ಟೀ ಚಮಚ ಉಪ್ಪು ಹಾಕಿ ಅದರಿಂದ ತೊಳೆಯಿರಿ. ಮೇಲೆ ಬಿಳಿ ಪೆಟ್ರೋಲಿಯಂ ಜೆಲ್ಲಿ, ಗಾಜ್, ಪೇಪರ್ ಟೇಪ್. ಸ್ಪಿರಿಟ್, ಡೆಟಾಲ್, ಹೈಡ್ರೋಜನ್ ಪೆರಾಕ್ಸೈಡ್ ಹೊಸದಾಗಿ ಬರುವ ಚರ್ಮವನ್ನೂ ಸಾಯಿಸುತ್ತವೆ. ಉಳಿದ ದಪ್ಪ ಭಾಗಕ್ಕೆ ಯೂರಿಯಾ ಕ್ರೀಮ್, 10% ನಿಂದ ಶುರು ಮಾಡಿ, ತೀರಾ ದಪ್ಪವಿದ್ದರೆ 20-25%. ಸ್ನಾನ ಮಾಡಿ ಒತ್ತಿ ಒರೆಸಿದ ಮೂರು ನಿಮಿಷದೊಳಗೆ, ಚರ್ಮ ಇನ್ನೂ ಮೆತ್ತಗಿರುವಾಗ, ಒಂದು ಹಿಮ್ಮಡಿಗೆ ತೋರುಬೆರಳ ಮೊದಲ ಗೆಣ್ಣಿನಷ್ಟು ಉದ್ದದ ಎಳೆ. ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ. ರಾತ್ರಿ ಹತ್ತಿ ಕಾಲುಚೀಲ. ಸೀಳಿನ ಒಳಗೆ ಯೂರಿಯಾ ಬೇಡ. ಕಾಲುಜ್ಜುವ ಕಲ್ಲನ್ನು ಬಿರುಕು ಮುಚ್ಚಿದ ಮೇಲೆ, ಒಂದೇ ದಿಕ್ಕಿಗೆ ಹಗುರವಾಗಿ ಬಳಸಿ, ಕೆಂಪಾಗುವ ಮುಂಚೆ ನಿಲ್ಲಿಸಿ. ಸ್ಪರ್ಶ ಹೋದ ಕಾಲಿಗೆ ಅದೂ ಬೇಡ.

ಗೇರೆಣ್ಣೆ: ಕರಾವಳಿ, ಮಲೆನಾಡಿನಲ್ಲಿ ಹಿಂದಿನಿಂದ ಬಂದ ರೂಢಿ, ಗೊತ್ತು. ಗೇರು ಸಿಪ್ಪೆಯ ಎಣ್ಣೆಯಲ್ಲಿರುವ ಅನಕಾರ್ಡಿಕ್ ಆಮ್ಲ, ಕಾರ್ಡಾಲ್ ಚರ್ಮವನ್ನು ಸುಡುತ್ತವೆ. ಬಿರುಕು ಗಟ್ಟಿಯಾಗಿ ಕಪ್ಪಾಗಿ ಮುಚ್ಚಿದಂತೆ ಕಾಣುವುದು ಸುಟ್ಟ ಚರ್ಮದ ಹೊದಿಕೆ. ಮೇಣ ಕರಗಿಸಿ ಬಿಡುವುದೂ ಇದೇ ಲೆಕ್ಕ. ಅತ್ತೆಯ ಕಾಲಿಗೆ ಎರಡೂ ಕೂಡದು.


ಅಥಣಿ ತೊಗಲು ಉತ್ತರಿಸಿದ್ದು:

ಚಪ್ಪಲಿ ವಿಷಯ ಅಷ್ಟ ಬರೀತೀನ್ರಿ.

ಬೆರಳ ಸಂದ್ಯಾಗ ಪಟ್ಟಿ ಇರೋ ಚಪ್ಪಲಿ ಇವರಿಗೆ ಬ್ಯಾಡ. ಅದು ಕಳಚಬಾರದು ಅಂತ ಬೆರಳು ತಾವ ಮಡಚಿ ಹಿಡಕೊಂತಾವ, ಹಿಡದು ಹಿಡದು ಡೊಂಕ ಆಗ್ತಾವ, ತುದಿ ನೆಲಕ್ಕ ತಿಕ್ಕಿ ಗಾಯ ಆಗ್ತೈತಿ. ನಮ್ಮ ಕಡೆ ಮಾಡೋ ಚಪ್ಪಲಿಗೆ ಕೊಲ್ಹಾಪುರಿ ಹೆಸರಿನ್ಯಾಗ 2019ರಾಗ ಜಿಐ ಗುರುತು (ಇದು ಈ ಸೀಮಿ ಕಸುಬು ಅನ್ನೋ ಸರ್ಕಾರಿ ಗುರುತು) ಸಿಕ್ಕೈತಿ. ಕಸುಬಿನ ಮ್ಯಾಲೆ ಅಭಿಮಾನ ಐತಿ, ಆದ್ರೂ ಹೇಳ್ತೀನಿ: ಗಟ್ಟಿ ತೊಗಲಿನ ಅಟ್ಟಿ, ಹೆಬ್ಬೆರಳಿಗೆ ಕುಣಿಕೆ, ಹಿಂದ ಪಟ್ಟಿ ಇಲ್ಲ. ಜೋಮು ಹಿಡಿದ ಕಾಲಿಗೆ ಅದನ್ನ ಕೊಡಬಾರದು.

ಬೇಕಾಗಿದ್ದು ಎಂಸಿಆರ್ ಚಪ್ಪಲಿ, ಅಂದ್ರ ಮೈಕ್ರೋಸೆಲ್ಯುಲರ್ ರಬ್ಬರ್. ವೆಲ್ಲೂರಿನ್ಯಾಗ ಡಾಕ್ಟರ್ ಪಾಲ್ ಬ್ರ್ಯಾಂಡ್ ಮತ್ತವರ ಜೋಡಿ ಕೆಲಸ ಮಾಡಿದವರು ಕುಷ್ಠರೋಗ ಆದವರ ಪಾದಕ್ಕ ಇದನ್ನ ಬಳಕಿಗೆ ತಂದ್ರು. ಆ ಪಾದ ತಾನಾಗಿ ಕೊಳಿಯೂದಲ್ಲ, ನೋವು ತಿಳೀದ ಒಂದ ಜಾಗಕ್ಕ ಭಾರ ಬಿದ್ದು ಬಿದ್ದು ಹರೀತೈತಿ ಅಂತ ತೋರಿಸಿಕೊಟ್ಟವರು ಅವರು. ಸಕ್ಕರೆ ಕಾಲಿಗೂ ಅದ ನಿಯಮ.

ಕೊಳ್ಳುವಾಗ ಹಿಂಗ ನೋಡ್ರಿ. ಮ್ಯಾಲಿನ ರಬ್ಬರನ್ನ ಹೆಬ್ಬೆರಳು, ತೋರುಬೆರಳಿನ ನಡುವ ಹಿಚುಕಿದ್ರ ಅರ್ಧದಷ್ಟು ಒಳಗ ಹೋಗಿ ತಟ್ಟನ ಮ್ಯಾಲೆ ಬರಬೇಕು. ಒಳಗ ಹೋಗಲಿಲ್ಲ ಅಂದ್ರ ಬರೀ ಬಣ್ಣ ಅದು, ಎಂಸಿಆರ್ ಅಲ್ಲ. ಅದರ ಕೆಳಗ ಮುಳ್ಳು ದಾಟದಂಥ ಗಟ್ಟಿ ರಬ್ಬರ್ ಅಟ್ಟಿ ಇರಬೇಕು. ಮೊಳೆ ಒಂದೂ ಇರಬಾರದು, ಅಂಟು ಮತ್ತ ಹೊಲಿಗಿ ಅಷ್ಟ. ಮುಂದ ಎರಡು ವೆಲ್ಕ್ರೋ ಪಟ್ಟಿ, ಹಿಮ್ಮಡಿ ಹಿಂದ ಒಂದು. ಸಂಜಿ ಹೊತ್ತಿಗೆ ಅಳತಿ ಕೊಡ್ರಿ, ಅಷ್ಟೊತ್ತಿಗೆ ಪಾದ ತುಸು ಬಾತಿರ್ತೈತಿ. ಕಾಗದದ ಮ್ಯಾಲೆ ನಿಲ್ಲಿಸಿ ಗೆರಿ ಹೊಡದು, ಕತ್ತರಿಸಿ, ಚಪ್ಪಲಿ ಮ್ಯಾಲೆ ಇಡ್ರಿ. ಕಾಗದ ಎಲ್ಲೂ ಹೊರಗ ಬರಬಾರದು, ಮುಂದ ಒಂದು ಹೆಬ್ಬೆರಳಿನಷ್ಟು ಜಾಗ ಉಳೀಬೇಕು.

ಹೊಸ ಚಪ್ಪಲಿ ಮೊದಲ ದಿನ ಒಂದ ತಾಸು. ಬಿಚ್ಚಿ ಪಾದ ನೋಡ್ರಿ. ಕೆಂಪಗಾದ ಜಾಗ ಅರ್ಧ ತಾಸಿನ್ಯಾಗ ಮಾಯ ಆಗದಿದ್ರ ಪಟ್ಟಿ ಸಡಿಲ ಮಾಡಿಸ್ರಿ. ದಿನಾ ಹಾಕ್ಕೊಳ್ಳೂಕಿಂತ ಮುಂಚೆ ಕೈಯಿಂದ ಒಳಗ ಸವರ್ರಿ, ಹಳ್ಳು ಸಿಕ್ಕಿದ್ರ ಕೈಗೆ ತಿಳೀತೈತಿ, ಕಾಲಿಗೆ ತಿಳಿಯಂಗಿಲ್ಲ. ಹೆಬ್ಬೆರಳ ಬುಡದಾಗ ರಬ್ಬರ್ ತಗ್ಗಾಗಿ ಮ್ಯಾಲೆ ಬರಲಿಲ್ಲ ಅಂದ್ರ, ನೋಡಾಕ ಹೊಸದ ಕಂಡ್ರೂ ಅದರ ಆಯುಷ್ಯ ಮುಗೀತು.


ಶರಾವತಿ ಎಡದಂಡೆ ಬರೆದದ್ದು:

ಎಲ್ಲರಿಗೂ ಕೈ ಮುಗಿಯುತ್ತೇನೆ. ಪರೀಕ್ಷೆ ಮಾಡಿದೆ, ಆರರಲ್ಲಿ ಮೂರು ತಪ್ಪಿತು. ಆಣಿಯ ನಡುವೆ ಕಂದು ಚುಕ್ಕೆಯೂ ಇದೆ. ಟ್ಯೂಬಿನಲ್ಲಿ ಕ್ಲೋಬೆಟಾಸಾಲ್ ಅಂತಲೇ ಬರೆದಿದೆ, ಎತ್ತಿಟ್ಟೆ. ಎಲ್ಲಿಗೆ ಕರೆದುಕೊಂಡು ಹೋಗಲಿ? ಗದ್ದೆಯ ವಿಷಯ ಏನು ಮಾಡಲಿ? ಕಾಲುಂಗುರ ತೆಗೆಯಲು ಒಪ್ಪುತ್ತಿಲ್ಲ. ಸಂದಿಗೆ ಅರಿಶಿನ ಹಚ್ಚಬಹುದೇ ಅಂತಲೂ ಕೇಳುತ್ತಿದ್ದಾರೆ.


ಚರ್ಮದ ಮಾತು ಉತ್ತರಿಸಿದ್ದು:

ಅರಿಶಿನದ ಪುಡಿ ಒದ್ದೆ ಸಂದಿಯಲ್ಲಿ ಮುದ್ದೆಯಾಗಿ ಕೂರುತ್ತದೆ, ಹಳದಿ ಬಣ್ಣದಲ್ಲಿ ಕೆಂಪು ಹರಡಿದ್ದೂ ಕಾಣುವುದಿಲ್ಲ. ಬೇಡ. ಟಾಲ್ಕಂ ಪೌಡರೂ ಹಾಗೆಯೇ ಮುದ್ದೆಗಟ್ಟುತ್ತದೆ.

ಕಾಲುಂಗುರದ ಬಗ್ಗೆ ಬಲವಂತ ಬೇಡ. ಬಾಯಿ ತೆರೆದಿರುವ, ಹಿಗ್ಗಿಸಬಹುದಾದ ಉಂಗುರ ಹಾಕಿಸಿ. ದಿನಾ ತೊಳೆಯುವಾಗ ಜಾರಿಸಿ ಕೆಳಗೆ ಒರೆಸಬೇಕು. ಬೆರಳು ಊದಿದ ದಿನ ಮಾತ್ರ ತೆಗೆಯಲೇಬೇಕು, ಊತ ಹೆಚ್ಚಿದರೆ ಉಂಗುರ ರಕ್ತದ ಓಡಾಟವನ್ನೇ ಬಿಗಿಯುತ್ತದೆ.


ಡ್ರೆಸ್ಸಿಂಗ್ ರೂಮ್ ಉತ್ತರಿಸಿದ್ದು:

ಅಕ್ಕ, ಕಂದು ಚುಕ್ಕೆ ಇದೆ ಅಂದಮೇಲೆ ಕಾಯಬೇಡಿ. ತಾಲ್ಲೂಕು ಆಸ್ಪತ್ರೆಯ ಎನ್‌ಸಿಡಿ ಕ್ಲಿನಿಕ್‌ಗೆ (ಸಕ್ಕರೆ, ಬಿಪಿಯಂಥ ಕಾಯಿಲೆ ನೋಡುವ ವಿಭಾಗ) ಹೋಗಿ, ಸರ್ಜನ್‌ಗೆ ಆಣಿ ತೋರಿಸಬೇಕು ಅಂತ ಬಾಯಿಬಿಟ್ಟು ಕೇಳಿ. ಅಲ್ಲಿ ಆಗದಿದ್ದರೆ ಜಿಲ್ಲಾ ಆಸ್ಪತ್ರೆ. ಬೆಂಗಳೂರಿನಲ್ಲಿ ಕರ್ನಾಟಕ ಇನ್‌ಸ್ಟಿಟ್ಯೂಟ್ ಆಫ್ ಎಂಡೋಕ್ರೈನಾಲಜಿ ಅಂಡ್ ರಿಸರ್ಚ್ ಎಂಬ ಸರ್ಕಾರಿ ಸಂಸ್ಥೆಯಲ್ಲಿ ಪಾದಕ್ಕೇ ಬೇರೆ ವಿಭಾಗವಿದೆ. ಹೋದಲ್ಲಿ ಮೇಲ್ಪಾದದ ನಾಡಿ ಮತ್ತು ಒಳ ಹರಡಿನ (ಕಾಲಗಂಟಿನ) ಹಿಂದಿನ ನಾಡಿ ಎರಡನ್ನೂ ನೋಡಿಸಿ. ರಕ್ತ ಸರಿಯಾಗಿ ಇಳಿಯದ ಕಾಲಿನಲ್ಲಿ ಯಾವ ಗಾಯವೂ ಬೇಗ ಮಾಯುವುದಿಲ್ಲ. ಟಿಟಿ ಚುಚ್ಚುಮದ್ದು ಯಾವಾಗ ಆಗಿದೆ ಅಂತ ನೆನಪು ಮಾಡಿಕೊಂಡು ಹೋಗಿ.

ಗದ್ದೆಗೆ ಈ ವರ್ಷ ಬರಿಗಾಲಲ್ಲಿ ಇಳಿಯುವಂತಿಲ್ಲ. ಹಿಮ್ಮಡಿಯ ಸೀಳು ತೆರೆದಿರುವಾಗಲಂತೂ ಇಲ್ಲವೇ ಇಲ್ಲ. ಇಲಿ ಜ್ವರದ ರೋಗಾಣು ಇಲಿಯ ಮೂತ್ರದಿಂದ ಗದ್ದೆ ನೀರಿಗೆ ಸೇರಿ ಒಡೆದ ಚರ್ಮದಿಂದಲೇ ಒಳಗೆ ಹೋಗುತ್ತದೆ. ಕೆಸರಿಗೆ ಇಳಿದ ಎರಡು ಮೂರು ವಾರದೊಳಗೆ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪು ಕಂಡರೆ "ಗದ್ದೆಗೆ ಇಳಿದಿದ್ದರು" ಅಂತ ವೈದ್ಯರಿಗೆ ಮೊದಲೇ ಹೇಳಿ. ಅತ್ತೆ ಮನೆಯಲ್ಲಿ ಕೂರಲು ಒಪ್ಪುವುದಿಲ್ಲ ಅಂದರೆ ಅಂಚಿನ ಮೇಲೆ ಸಸಿ ಕಟ್ಟು ಕಟ್ಟುವ ಕೆಲಸ ಕೊಡಿ. ಗಾಯ ಪೂರ್ತಿ ಮಾಯ್ದ ಮೇಲೆ ಇಳಿಯಲೇಬೇಕಾದರೆ ಕಾಲಿಗೆ ಅಂಟುವ ತೆಳು ರಬ್ಬರಿನ ಗದ್ದೆ ಬೂಟು, ಒಳಗೆ ಒಣ ಹತ್ತಿ ಕಾಲುಚೀಲ. ತೋಟದ ಗಮ್‌ಬೂಟು ನಾಟಿ ಕೆಸರಿನಲ್ಲಿ ಹೂತು ಕಾಲನ್ನೇ ತಿರುಚುತ್ತದೆ. ಎರಡು ಗಂಟೆಗೊಮ್ಮೆ ಬಿಚ್ಚಿ, ಒರೆಸಿ, ಕಾಲುಚೀಲ ಬದಲಿಸಬೇಕು.

ಮಲೆನಾಡಿನ ಮನೆಗಳಲ್ಲಿ ಇನ್ನೆರಡು ಕಡೆ ಕಾಲು ಹಾಳಾಗುತ್ತದೆ. ಒಂದು, ಹಂಡೆ ಒಲೆ. ಮಳೆಯಲ್ಲಿ ನೆನೆದು ಬಂದು ಒಲೆಯ ಮುಂದೆ ಕಾಲು ಚಾಚಿ ಕೂರುವುದು ಎಷ್ಟು ಹಿತ ಅಂತ ಎಲ್ಲರಿಗೂ ಗೊತ್ತು. ಸ್ಪರ್ಶವಿಲ್ಲದ ಪಾದ ಬೊಬ್ಬೆ ಏಳುವವರೆಗೂ ಅಲ್ಲೇ ಇರುತ್ತದೆ. ಒಣ ಕಾಲುಚೀಲ ಹಾಕಿ ಕಂಬಳಿ ಹೊದಿಸಿ, ಒಲೆ ಬೇಡ, ಬಿಸಿನೀರಿನ ಚೀಲವೂ ಬೇಡ. ಇನ್ನೊಂದು, ಉಂಬಳ, ಅಂದರೆ ರಕ್ತ ಹೀರುವ ಜಿಗಣೆ. ಸುಣ್ಣ, ಹೊಗೆಸೊಪ್ಪು ಒತ್ತಬೇಡಿ, ಸುಣ್ಣ ಚರ್ಮ ಸುಡುತ್ತದೆ. ಉಂಬಳದ ಬಾಯಿಯ ಪಕ್ಕಕ್ಕೆ ಉಗುರು ಜಾರಿಸಿ ಬಿಡಿಸಿ, ಸೋಪು ನೀರಿನಲ್ಲಿ ತೊಳೆದು, ಶುದ್ಧ ಬಟ್ಟೆಯಿಂದ ಒತ್ತಿ ಹಿಡಿಯಿರಿ. ಅದರ ಎಂಜಲು ರಕ್ತ ಹೆಪ್ಪುಗಟ್ಟಲು ಬಿಡುವುದಿಲ್ಲ, ಅದಕ್ಕೇ ಹೊತ್ತು ಹಿಡಿಯುತ್ತದೆ, ಗಾಬರಿ ಬೇಡ. ಆಮೇಲೆ ತುರಿಸಿಕೊಂಡ ಜಾಗವನ್ನು ದಿನಾ ನೋಡುತ್ತಿರಿ.

ಉಗುರು ಸ್ನಾನದ ನಂತರ, ನೇರವಾಗಿ ಕತ್ತರಿಸಿ, ಮೂಲೆಗೆ ಇಳಿಯಬೇಡಿ. ನೆಲದಲ್ಲಿ ಮಲಗುವವರಾದರೆ ಸೊಳ್ಳೆಪರದೆಯ ಅಂಚನ್ನು ಚಾಪೆಯ ಕೆಳಗೆ ಸಿಕ್ಕಿಸಿ. ಸ್ಪರ್ಶವಿಲ್ಲದ ಬೆರಳನ್ನು ರಾತ್ರಿ ಇಲಿ ಕಚ್ಚಿದರೂ ಎಚ್ಚರವಾಗುವುದಿಲ್ಲ.

ಯಾವುದೇ ಗಾಯದ ಸುತ್ತ ಕೆಂಪು ಎರಡು ಸೆಂಟಿಮೀಟರ್ ದಾಟಿದರೆ, ಅಂದರೆ ಸುಮಾರು ಒಂದು ಹೆಬ್ಬೆರಳಿನ ಅಗಲ, ಅಥವಾ ಕೊಳೆತ ವಾಸನೆ, ಕಪ್ಪು ಬಣ್ಣ, ಚಳಿಜ್ವರ ಕಂಡರೆ ಅದೇ ದಿನ ಆಸ್ಪತ್ರೆ, ರಾತ್ರಿಯಾದರೂ ಸರಿ. ಕೆಂಪಿನ ಅಂಚಿಗೆ ಬಾಲ್ ಪೆನ್ನಿನಲ್ಲಿ ಗೆರೆ ಎಳೆದು ಗಂಟೆ ಬರೆದುಕೊಂಡು ಹೋಗಿ. ಎಷ್ಟು ಬೇಗ ಹರಡುತ್ತಿದೆ ಅಂತ ನೋಡಿದ ಕೂಡಲೇ ಡ್ಯೂಟಿ ಡಾಕ್ಟರ್‌ಗೆ ತಿಳಿಯುತ್ತದೆ.